ಚಿಕ್ಕಮ್ಮನ ಸೆಣಬಿಗಿಂತ ಒಂದು ಮೊಳ ಎತ್ತರ

ಮಾರ್ಚ್ 20
ಹಿಂಬಾಗಿಲ ಮೆಟ್ಟಿಲ ಮೇಲಿನಿಂದ

ಮಾನ್ಯ ಕೃಷಿ ಸಲಹೆಗಾರ್ತಿ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿಮ್ಮಪ್ಪನ ಮೊಣಕಾಲು ಹಾಗೇ ಇದೆ, ನಾನೂ ಹಾಗೇ ಇದ್ದೇನೆ, ಹಸು ಮಾತ್ರ ಸ್ವಲ್ಪ ದಪ್ಪಗಾಗಿದೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಬಂದು ಹೋದ ಸಂಜೆಯೇ ಒಂದು ಬರೆದೆ, ಮರುದಿನ ಇನ್ನೊಂದು ಬರೆದೆ. ಎರಡನ್ನೂ ಓದಿ ನಿಮ್ಮಪ್ಪ, "ಇದನ್ನ ಹಾಕಿದ್ರೆ ಪೋಸ್ಟ್ ಡಬ್ಬಾನೇ ಸುಟ್ಟು ಹೋಗುತ್ತೆ ಕಣೇ" ಎಂದು ಒಲೆಗೆ ಹಾಕಿದರು. ಇದು ಮೂರನೆಯದು. ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಊಟ ಆಯಿತಾ ಅನ್ನುವಷ್ಟರಲ್ಲಿ ಜಗಳ ಶುರುವಾಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಚಿಕ್ಕಮ್ಮನ ಹೊಲದಲ್ಲಿ ನೀನು ನಡೆಸಿದ ರೈತರ ಸಭೆ ಚೆನ್ನಾಗಿತ್ತು. ಅಷ್ಟು ಜನ ಗಂಡಸರು ಕೈಕಟ್ಟಿ ನಿಂತು ನಿನ್ನ ಮಾತು ಕೇಳುವುದನ್ನು ನೋಡಿ ನನಗೆ ಎದೆ ಉಬ್ಬಿತು. ನೀನು ನನ್ನನ್ನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ. ಹಿಂದುಗಡೆ ಟೀ ಕೆಟಲ್ ಹಿಡಿದುಕೊಂಡು ನಿಂತಿದ್ದೆ. ಕೆಟಲ್ ನನ್ನದು. ಬೆಳಿಗ್ಗೆಯೇ ನಿನ್ನ ಚಿಕ್ಕಮ್ಮ, ಅಂದರೆ ನನ್ನ ವಾರಗಿತ್ತಿ, ಬಂದು, "ಅಕ್ಕಾ, ನಿಮ್ಮ ದೊಡ್ಡ ಕೆಟಲ್ ಕೊಡಿ, ನಮ್ಮ ಹೊಲ ನೋಡೋಕೆ ತುಂಬಾ ಜನ ಬರ್ತಿದಾರೆ" ಎಂದು ತೆಗೆದುಕೊಂಡು ಹೋಗಿದ್ದಳು. ನಮ್ಮ ಹೊಲ ನೋಡೋಕೆ! ಆ ಮಾತನ್ನು ಅವಳು ಎಷ್ಟು ನಿಧಾನವಾಗಿ ಹೇಳಿದಳೆಂದರೆ, ಕೆಟಲ್ ಒಳಗೆ ಏನಾದರೂ ಹಾಕಿಕೊಡಲೇ ಅನ್ನಿಸಿತು.

ನೀನು ಅವಳ ಹೊಲದ ಒಂದು ಹಿಡಿ ಮಣ್ಣನ್ನು ಎತ್ತಿ ಎಲ್ಲರ ಮೂಗಿನ ಹತ್ತಿರವೂ ಹಿಡಿದೆ. "ವಾಸನೆ ನೋಡಿ. ಇದು ಜೀವ ಇರೋ ಮಣ್ಣು. ಮೂರು ವರ್ಷದ ಹಿಂದೆ ಇದು ಸಿಮೆಂಟ್ ಆಗಿತ್ತು" ಅಂದೆ. ಆಮೇಲೆ ಅವಳ ಹೆಗಲ ಮೇಲೆ ಕೈಹಾಕಿ, "ಇವರ ತಾಳ್ಮೆ ಯಾರಿಗೂ ಬರಲ್ಲ. ನಾನೇ ಇವರ ಹತ್ರ ಕಲೀತಿದೀನಿ" ಅಂದೆ. ನನ್ನ ಕೈಯಲ್ಲಿದ್ದ ಲೋಟ ಅಲ್ಲಾಡಿ ಗೊಬ್ಬರದಂಗಡಿಯವನ ಪಾದದ ಮೇಲೆ ಬಿಸಿ ಟೀ ಬಿತ್ತು. ಅವನು ಕುಣಿದಾಡಿದ. ನೀನು ಆಗಲೂ ತಿರುಗಿ ನೋಡಲಿಲ್ಲ.

ಜೀಪು ಹೊರಡುವ ಮೊದಲು ಮನೆಗೆ ಬಂದೆ, ನಿಜ. ಬಾಗಿಲಲ್ಲೇ ನಿಂತು ನೀರು ಕುಡಿದೆ. "ಅಮ್ಮಾ, ಟೈಮಿಲ್ಲ, ಚಿಕ್ಕಮ್ಮನ ಮನೇಲೇ ಊಟ ಆಯ್ತು" ಅಂದೆ. ನಾನು ನಿನಗೆಂದು ಮಾಡಿಟ್ಟದ್ದನ್ನು ನಿಮ್ಮಪ್ಪ ಎರಡು ದಿನ ತಿಂದರು. ಮೂರನೆಯ ದಿನ ಹಸುವಿಗೆ ಹಾಕಿದೆ. ಹಸು ದಪ್ಪಗಾದದ್ದು ಹಾಗೆ.

ನೀನು ಹೋದ ಮೇಲೆ ಒಂದು ಕೆಲಸ ಮಾಡಿದೆ, ನಗಬೇಡ. ನಮ್ಮ ಹೊಲಕ್ಕೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಹೆಂಟೆ ಎತ್ತಿ ಮೂಸಿದೆ. ಏನೂ ವಾಸನೆಯಿಲ್ಲ. ಇನ್ನೊಂದು ಎತ್ತಿದೆ. ಅದರಲ್ಲೂ ಇಲ್ಲ. ನನಗೆ ನೆಗಡಿಯಿರಬೇಕೆಂದು ಬದುವಿನಾಚೆ ಕೈ ಚಾಚಿ ಅವಳ ಮಣ್ಣು ತೆಗೆದು ಮೂಸಿದೆ. ಹೊಸ ಮಳೆ ಬಿದ್ದಂತೆ ಘಮ್ಮೆಂದಿತು. ಎಂಥಾ ಹೊಟ್ಟೆ ಉರಿ ಬಂತು ಅಂದರೆ, ಆ ಮಣ್ಣನ್ನು ಅಲ್ಲಿ ಬಿಡದೆ ನಮ್ಮ ಹೊಲಕ್ಕೇ ಎಸೆದೆ.

ನೀನೇ ಯೋಚನೆ ಮಾಡು. ಒಂದೇ ಹೊಲ, ಅಣ್ಣತಮ್ಮಂದಿರು ನಡುವೆ ಬದು ಹಾಕಿ ಎರಡು ಮಾಡಿಕೊಂಡದ್ದು. ಬಾವಿಯೂ ಒಂದೇ. ನಿಮ್ಮಪ್ಪ ಪಂಪು ರಿಪೇರಿಗೆಂದು ಊರೂರು ಸುತ್ತುತ್ತಾರೆ, ನಿಮ್ಮ ಚಿಕ್ಕಪ್ಪ ಲಾರಿ ಓಡಿಸುತ್ತಾನೆ. ಹಾಗಾಗಿ ಎರಡು ಹೊಲಕ್ಕೂ ಯಜಮಾನಿಯರು ನಾವಿಬ್ಬರೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಬಂದಿರಲಿಲ್ಲ. ಬಂದ ಮೇಲೆ ಅವಳಿಗೆ ಕುಡುಗೋಲು ಹಿಡಿಯುವುದನ್ನು ಕಲಿಸಿದವಳು ನಾನು. ಮೆಕ್ಕೆಜೋಳ ಅಂದರೆ ನನ್ನದು, ಎಲ್ಲರೂ ಹಾಗೇ ಅನ್ನುತ್ತಿದ್ದರು. ಯೂರಿಯಾ ಚೀಲ ನಾನು ಎರಡು ಹೊತ್ತರೆ ಅವಳು ಒಂದನ್ನೇ ಎಳೆದಾಡುತ್ತಿದ್ದಳು.

ಅವಳು ನಿನ್ನ ಮಾತು ಕೇಳಿ ಮೊದಲ ವರ್ಷ ಯೂರಿಯಾ ಕಮ್ಮಿ ಮಾಡಿದಾಗ ಹೊಲದ ತುಂಬಾ ಕಳೆ, ಕೂಳೆಯಷ್ಟು ಬೆಳೆ. ಆಗ ನಾನು ನಕ್ಕೆ. ಎರಡನೆಯ ವರ್ಷ ಜೋಳದ ಸಾಲಿನ ನಡುವೆ ಅಲಸಂದೆ ಹಾಕಿದಳು. ಆಗಲೂ ನಕ್ಕೆ. ಆ ವರ್ಷ ಜೋಳದ ಬೆಲೆ ಪಾತಾಳಕ್ಕೆ ಬಿತ್ತು. ನಾನು ತಲೆಮೇಲೆ ಕೈ ಹೊತ್ತು ಕೂತೆ, ಅವಳ ಅಲಸಂದೆಯನ್ನು ಪೇಟೆಯ ಹೋಟೆಲಿನವರು ಮನೆ ಬಾಗಿಲಿಗೇ ಬಂದು ಒಯ್ದರು. ಈಗ ನಿನ್ನ ಆಫೀಸಿನವರು ಅವಳ ಹೊಲದಲ್ಲಿ ಹಸಿರು ಬೋರ್ಡು ನೆಟ್ಟಿದ್ದಾರೆ, 'ಮಾದರಿ ಹೊಲ' ಎಂದು. ಬೋರ್ಡಿನ ಮುಖ ನಮ್ಮ ಅಡುಗೆಮನೆಯ ಕಿಟಕಿಗೇ ಇದೆ. ಪಾತ್ರೆ ತೊಳೆಯುವಾಗೆಲ್ಲ ಓದಿ ಓದಿ ನನಗೆ ಬಾಯಿಪಾಠವಾಗಿದೆ.

"ಖರ್ಚು ಕಮ್ಮಿ ಮಾಡೋದೂ ಆದಾಯವೇ" ಎಂದು ನೀನು ಸಭೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಮೊದಲ ಸಂಬಳದಲ್ಲಿ ಒಂದೇ ದಿನ ಮೂರು ಜೊತೆ ಚಪ್ಪಲಿ ಕೊಂಡಾಗ ನಾನೂ ಇದನ್ನೇ ಹೇಳಿದ್ದೆ. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಇರಲಿ.

ಸುತ್ತಿ ಬಳಸಿ ಹೇಳಿ ನನಗೆ ಅಭ್ಯಾಸವಿಲ್ಲ. ಮುಂದಿನ ಸಲ ನಿನ್ನ ಜೀಪು ಬಂದಾಗ ಅದು ನಮ್ಮ ಹೊಲದ ಹತ್ತಿರ ನಿಲ್ಲಬೇಕು. ನೀನು ಇಳಿದು, ನಮ್ಮ ಮಣ್ಣನ್ನು ಮೂಗಿಗೆ ಹಿಡಿದು, ಅಷ್ಟು ಜನರೆದುರು "ಇದು ನಮ್ಮಮ್ಮನ ಹೊಲ" ಅನ್ನಬೇಕು. ನನಗೆ ಬೇಕಾದದ್ದು ಇಷ್ಟೇ. ಅದಕ್ಕೆ ಏನು ಮಾಡಬೇಕೋ ನಾನು ಮಾಡುತ್ತೇನೆ, ನೀನೇನೂ ತಲೆ ಕೆಡಿಸಿಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ ಅಮ್ಮ
(ಚಿಕ್ಕಮ್ಮ ಅಲ್ಲ)

ತಾ.ಕ.: ಸೆಣಬಿನ ಬೀಜವನ್ನು ಎಷ್ಟು ಒತ್ತಾಗಿ ಎರಚಬೇಕು? ಸುಮ್ಮನೆ ಕೇಳಿದೆ. ಬೇರೆ ಯಾರಿಗೋ ಬೇಕಾಗಿತ್ತು.


ಮೇ 15
ಅಡುಗೆಮನೆಯ ಕಿಟಕಿಯ ಪಕ್ಕದಿಂದ

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ನನ್ನ ಸೊಂಟ ಕಾರಣ, ಸೊಂಟಕ್ಕೆ ಹೊಲ ಕಾರಣ. ಅದನ್ನು ಮುಂದೆ ಹೇಳುತ್ತೇನೆ. ನಿನ್ನ ಕಾಗದ ಒಂದೇ ಪುಟ. ಅದರಲ್ಲಿ ಅರ್ಧ "ಅಮ್ಮಾ, ಚಿಕ್ಕಮ್ಮನ ಮೇಲೆ ಹೊಟ್ಟೆಕಿಚ್ಚು ಪಡಬೇಡ" ಎಂಬುದಕ್ಕೇ ಹೋಯಿತು. ಹೊಟ್ಟೆಕಿಚ್ಚು ಪಡಬೇಡ ಅಂದರೆ ಆರುವುದಕ್ಕೆ ಅದೇನು ಸ್ಟೌವೇ? ಬೀಜ ಎಷ್ಟು ಒತ್ತಾಗಿ ಎರಚಬೇಕು ಎಂದು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ.

ಪರವಾಗಿಲ್ಲ. ನನ್ನ ಕೈಗೆ ತೋಚಿದಷ್ಟು ಎರಚಿದೆ.

ಹೌದು ಮಗಳೇ, ನಿನ್ನ ಅಮ್ಮ ಸೆಣಬು ಹಾಕಿದ್ದಾಳೆ! ಹಸಿರೆಲೆ ಗೊಬ್ಬರಕ್ಕೆ. ಬೆಳೆಸಿ, ಉತ್ತು, ಮಣ್ಣಿಗೇ ಸೇರಿಸಿ, ಆಮೇಲೆ ಜೋಳ ಬಿತ್ತುವುದು. ಚಿಕ್ಕಮ್ಮ ಮಾಡುತ್ತಾಳಲ್ಲ, ಅದೇ. ಯಾರನ್ನೂ ಒಂದು ಮಾತು ಕೇಳಲಿಲ್ಲ, ಬದುವಿನ ಮೇಲಿಂದ ನೋಡಿ ನೋಡಿಯೇ ಕಲಿತೆ. ನಿಮ್ಮಪ್ಪ, "ಆಚೆ ಮೂಲೆ ನೆಲ ಸತ್ತೇ ಹೋಗಿದೆ, ಅಲ್ಲಿಗೆ ಹಾಕೇ" ಅಂದರು. ಆಚೆ ಮೂಲೆಗೆ ಹಾಕಿದರೆ ಯಾರಿಗೆ ಕಾಣುತ್ತದೆ? ಬದುವಿನ ಪಕ್ಕದ ಪಟ್ಟಿಗೇ ಹಾಕಿದೆ. ಅವಳ ಸೆಣಬಿಗೂ ನನ್ನ ಸೆಣಬಿಗೂ ನಡುವೆ ಬದು ಒಂದೇ.

ಮೊದಮೊದಲು ಅವಳದು ಮುಂದಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ಪಕ್ಕದಲ್ಲಿ ನಿಂತು ನೋಡುವುದು, ಸಂಜೆ ಹೋಗಿ ನೋಡುವುದು. ಅವಳದು ಅವಳ ಮೊಣಕಾಲಿಗೆ ಬಂದರೆ ನನ್ನದು ನನ್ನ ಮೊಣಕಾಲಿನ ಕೆಳಗೆ. ಅವಳು ನನಗಿಂತ ಕುಳ್ಳಿ ಎಂಬುದು ಆಮೇಲೆ ಹೊಳೆದು ಸ್ವಲ್ಪ ಸಮಾಧಾನವಾಯಿತು. ಪಂಪಿನ ನೀರನ್ನು ಇನ್ನಷ್ಟು ಹರಿಸಿದೆ. ನಿನಗೆ ಹೇಳಬಾರದು, ಆದರೂ ಹೇಳುತ್ತೇನೆ, ಒಂದು ದಿನ ಒಂದೆರಡು ಬೊಗಸೆ ಯೂರಿಯಾನೂ ಎರಚಿದೆ. "ಗೊಬ್ಬರದ ಗಿಡಕ್ಕೇ ಗೊಬ್ಬರ ಹಾಕೋಳು ನೀನೊಬ್ಳೇ ಕಣೇ" ಎಂದು ನಿಮ್ಮಪ್ಪ ನಕ್ಕರು. ನಗಲಿ.

ಈಗ ಕೇಳು. ನನ್ನದು ಅವಳದಕ್ಕಿಂತ ಒಂದು ಮೊಳ ಎತ್ತರ ಹೋಯಿತು! ಭುಜ ದಾಟಿದೆ. ಒತ್ತಾಗಿದೆ, ಒಳಗೆ ಕೈ ಹಾಕಿದರೆ ಕೈ ಕಾಣುವುದಿಲ್ಲ. ಹಾಲಿನ ಗಾಡಿಯವನು ದಿನಾ ಹೋಗುವ ದಾರಿಯಲ್ಲಿ ಹೋದ ವಾರ ಗಾಡಿ ನಿಲ್ಲಿಸಿ, "ಅಬ್ಬಬ್ಬಾ, ಯಾರದ್ದಕ್ಕಾ ಈ ಕಾಡು?" ಎಂದು ಕೇಳಿದ. "ಯಾರದ್ದು ಅಂದ್ರೆ? ನಂದೇ!" ಅಂದೆ. "ಪಕ್ಕದ್ದು?" ಎಂದ. "ಅದು ಬೋರ್ಡಿನವರದ್ದು" ಅಂದೆ. ಅವನು ನಗುತ್ತಾ ಹೋದ. ನನಗೆ ಇಡೀ ದಿನ ಸೊಂಟ ನೋಯಲಿಲ್ಲ.

ಇನ್ನೊಂದು ಸುದ್ದಿ. ಚಿಕ್ಕಮ್ಮನ ಸೆಣಬಿಗೆ ಏನೋ ರೋಗ ಬಂದಿರಬೇಕು ಪಾಪ. ಅಲ್ಲೊಂದು ಇಲ್ಲೊಂದು ಮೊಗ್ಗು ಕಾಣುತ್ತಿದ್ದ ಹಾಗೆಯೇ ಎಲ್ಲವನ್ನೂ ಉಳುಮೆ ಮಾಡಿಸಿಬಿಟ್ಟಳು. ಇಲ್ಲವಾದರೆ ನನ್ನದರ ಎದುರು ತನ್ನದು ಕುಳ್ಳಾಗಿ ಕಾಣುತ್ತದೆಂದು ನಾಚಿಕೆಯಾಗಿರಬಹುದು. ಟ್ರ್ಯಾಕ್ಟರಿನವನು ಬಂದು ಅವಳದನ್ನೆಲ್ಲ ಉತ್ತು ಮುಗಿಸಿ, ನಮ್ಮದನ್ನು ನೋಡಿ, "ನಿಮ್ಮದೂ ಹೊಡೆದುಬಿಡ್ಲಾ?" ಎಂದು ಕೇಳಿದ. ಅವನು ಯಾರು ಗೊತ್ತಲ್ಲ, ನೀನು ಚಿಕ್ಕವಳಿದ್ದಾಗ ನಮ್ಮ ಬೇಲಿಗೆ ಹಿಂದುಹಿಂದಾಗಿ ಬಂದು ಗುದ್ದಿದನಲ್ಲ, ಎಲ್ಲರೂ 'ರಿವರ್ಸ್' ಅನ್ನುತ್ತಾರಲ್ಲ, ಅವನೇ. "ಹೋಗೋ ಹೋಗು, ಇನ್ನೂ ಬೆಳೀಲಿ" ಅಂದೆ. ಎತ್ತರ ಹೆಚ್ಚಿದಷ್ಟೂ ಗೊಬ್ಬರ ಹೆಚ್ಚು ತಾನೇ? ಇಷ್ಟೂ ಲೆಕ್ಕ ಗೊತ್ತಿಲ್ಲದೆ ನಾನು ಇಷ್ಟು ವರ್ಷ ಹೊಲ ಮಾಡಿದೆನೇ?

ಸತ್ಯ ಹೇಳಬೇಕೆಂದರೆ, ಕಡಿಯಲು ಮನಸ್ಸೇ ಬರುತ್ತಿಲ್ಲ. ಈಗ ಹೂ ಬಿಟ್ಟಿದೆ. ಹಳದಿ ಹೂ, ಹೊಲದ ತುಂಬಾ. ಕಿಟಕಿಯಿಂದ ನೋಡಿದರೆ ನಿನ್ನ ಆ ಹಸಿರು ಬೋರ್ಡು ಅರ್ಧ ಮುಚ್ಚಿಹೋಗಿದೆ. ಇನ್ನೊಂದು ವಾರ ಬಿಟ್ಟರೆ ಪೂರ್ತಿ ಮುಚ್ಚುತ್ತದೆ. ನೀನು ಅಷ್ಟರೊಳಗೆ ಒಮ್ಮೆ ಬಂದರೆ ಬಹಳ ಸಂತೋಷ. ಜೀಪಿನಲ್ಲಿ ನಿನ್ನ ಸಾಹೇಬರನ್ನೂ ಕರೆದುಕೊಂಡು ಬಾ. ಕೆಟಲ್ ಈ ಸಲ ನಮ್ಮ ಮನೆಯಲ್ಲೇ ಇರುತ್ತದೆ.

ದೃಷ್ಟಿ ತಾಗದಿರಲಿ, ನಿನಗೂ ಬೆಳೆಗೂ.

ನಿನ್ನ ಅಮ್ಮ

ತಾ.ಕ.: ಚಿಕ್ಕಮ್ಮ ನಿನಗೆ ಫೋನ್ ಮಾಡುತ್ತಿರುತ್ತಾಳಂತೆ. ನನ್ನ ಬೆಳೆಯ ವಿಷಯ ಅವಳೇನಾದರೂ ಹೇಳಿದಳೇ? ಹೇಳಿರುವುದಿಲ್ಲ ಬಿಡು.


ಜೂನ್ 14
ಅದೇ ಕಿಟಕಿ

ಕಂದಾ,

ಆಶೀರ್ವಾದಗಳು. ಹೋದ ಸಲ ಫೋನ್ ಮಧ್ಯದಲ್ಲೇ ಇಟ್ಟುಬಿಟ್ಟೆನಲ್ಲ, ಆಮೇಲೆ ನೀನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲವಲ್ಲ, ಅದಕ್ಕೆ ಮೊದಲು ಕ್ಷಮೆ. ಈ ಕಾಗದವೂ ತಡ. ಬರೆಯಲು ಕೂತರೆ ಬೆರಳಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಸಿಟ್ಟಿಗಲ್ಲ, ಕುಡುಗೋಲು ಹಿಡಿದು ಹಿಡಿದು.

ನನ್ನ ಕಾಗದ ಸಿಕ್ಕಿದ ದಿನವೇ ನೀನು ಫೋನ್ ಮಾಡಿದೆ. "ಭೇಷ್ ಅಮ್ಮಾ" ಅನ್ನುತ್ತೀಯೆಂದು ನಾನು ಕೈ ಒರೆಸಿಕೊಂಡು ಓಡಿಬಂದೆ. ನಿನ್ನ ಬಾಯಿಂದ ಬಂದ ಮೊದಲ ಮಾತು, "ಅಮ್ಮಾ, ಇವತ್ತೇ ಕಡಿದು ಹಾಕು." ನನಗೆ ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು. ಅವಳದು ಬೆಳೆದಾಗ ಬೋರ್ಡು, ನನ್ನದು ಬೆಳೆದರೆ ಕಡಿ! ಮುದ್ದಿನ ಚಿಕ್ಕಮ್ಮನಿಗಿಂತ ನನ್ನದು ಮೇಲಾದದ್ದನ್ನು ನೋಡಿ ಇವಳಿಗೂ ತಡೆಯಲಾಗಲಿಲ್ಲ ಅಂದುಕೊಂಡೆ. "ಯಾಕೆ ಅಂತ ಕೇಳಮ್ಮಾ" ಎಂದು ನೀನು ಕೂಗುತ್ತಿದ್ದೆ. ಕೇಳಲಿಲ್ಲ. ಇಟ್ಟುಬಿಟ್ಟೆ. ಇನ್ನೂ ಎರಡು ವಾರ ಬೆಳೆಯಲು ಬಿಟ್ಟೆ. ನಿನ್ನ ಮೇಲಿನ ಹಟಕ್ಕೆ ಎರಡು ಸಲ ನೀರು ಬೇರೆ ಹಾಯಿಸಿದೆ.

ಬೋರ್ಡು ಪೂರ್ತಿ ಮುಚ್ಚಿಹೋಯಿತು. ನನಗೆ ಬೇಕಾದದ್ದು ಆಯಿತು.

ಮೆಕ್ಕೆಜೋಳ ಬಿತ್ತುವ ಹೊತ್ತು ಬಂತು. ಚಿಕ್ಕಮ್ಮನ ಹೊಲದಲ್ಲಿ ಸೆಣಬೆಲ್ಲ ಕರಗಿ, ಮಣ್ಣು ಕಪ್ಪಗೆ ಹಿಟ್ಟಿನ ಹಾಗೆ ಆಗಿತ್ತು. ಅವಳು ಬಿತ್ತಿಯೂ ಆಯಿತು. ನಾನು ರಿವರ್ಸನಿಗೆ ಹೇಳಿ ಕಳಿಸಿದೆ. ಅವನು ಟ್ರ್ಯಾಕ್ಟರಿಗೆ ಮಣ್ಣು ಪುಡಿಮಾಡುವ ರೋಟವೇಟರ್ ಕಟ್ಟಿಕೊಂಡು ಬಂದ. ಹೊಲದೊಳಗೆ ಹತ್ತು ಹೆಜ್ಜೆ ಹೋದನೋ ಇಲ್ಲವೋ, 'ಗರ್ರ್' ಎಂದು ನಿಂತಿತು. ಇಳಿದು ನೋಡಿದರೆ ಬ್ಲೇಡಿಗೆಲ್ಲ ನಾರು ಸುತ್ತಿಕೊಂಡು ಉಂಡೆಯಾಗಿದೆ. ಚಾಕು ತಗೊಂಡು ಕುಯ್ದು ಬಿಡಿಸಿದ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಸುತ್ತಿಕೊಂಡಿತು. ಮೂರನೆಯ ಸಲ ಅವನು ಚಾಕು ಜೇಬಿಗೆ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಅಕ್ಕಾ, ಇದು ಗೊಬ್ಬರ ಅಲ್ಲ, ಹಗ್ಗದ ಫ್ಯಾಕ್ಟರಿ. ಕಡ್ಡಿ ನೋಡಿ, ಬಡಿಗೆ ಆಗಿದೆ. ಇದು ಕೊಳೆಯೋದು ಯಾವಾಗ, ನೀವು ಬಿತ್ತೋದು ಯಾವಾಗ?"

"ಎಳೇದಿದ್ದಾಗ ಹೇಳೋಕೇನಾಗಿತ್ತು ನಿಂಗೆ?" ಅಂದೆ.

"ಹೇಳ್ದೆನಲ್ಲಾ, ಹೊಡೀಲಾ ಅಂತ. ಹೋಗೋ ಹೋಗು ಅಂದ್ರಿ."

ಅವನು ಟ್ರ್ಯಾಕ್ಟರ್ ಹಿಂದೆ ತೆಗೆದುಕೊಂಡು ಹೊರಟ. ಹಿಂದೆ ಹೋಗುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಹಾಲಿನ ಗಾಡಿಯವನೂ ದಾರಿಯಲ್ಲಿ ನಿಂತಿದ್ದ, ಗೊಬ್ಬರದಂಗಡಿಯವನೂ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನ್ನ ಗತಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಳುವಾಗಲೂ ಕಿಟಕಿಯಿಂದ ಬೋರ್ಡು ಕಾಣುತ್ತದೋ ಎಂದು ನೋಡಿದೆ. ಕಾಣಲಿಲ್ಲ. ಅದರಿಂದ ಏನೂ ಸಮಾಧಾನವಾಗಲಿಲ್ಲ.

ನಿಮ್ಮಪ್ಪ ಬಂದು ಬಾಗಿಲು ತಟ್ಟಿ, "ಬಿಡೇ, ನಾರು ಬಿಡಿಸಿ ಹಗ್ಗ ಹೊಸೆದ್ರಾಯ್ತು. ಪಂಪು ಇಳಿಸೋಕೆ ನಂಗೆ ಹೇಗೂ ಹಗ್ಗ ಬೇಕು" ಅಂದರು. ಸಮಾಧಾನ ಮಾಡುವುದಕ್ಕೆಂದೇ ಅಂದದ್ದು. ನನಗೆ ಮಾತ್ರ ಆ ಹಗ್ಗದಿಂದ ಅವರನ್ನೇ ಕಟ್ಟಿಹಾಕಬೇಕು ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಒಬ್ಬಳೇ ಕುಡುಗೋಲು ಹಿಡಿದು ಹೋದೆ. ಒಂದೊಂದು ಬುಡ ಕಡಿಯಬೇಕಾದರೂ ಎರಡೆರಡು ಏಟು. ಬಿಸಿಲು ಏರುವ ಹೊತ್ತಿಗೆ ಅಂಗೈ ಕಿತ್ತುಹೋಗಿತ್ತು. ತಲೆಯೆತ್ತಿ ನೋಡಿದರೆ ಆ ಕೊನೆಯಿಂದ ಇನ್ನೊಂದು ಕುಡುಗೋಲಿನ ಸದ್ದು. ಚಿಕ್ಕಮ್ಮ. ಹೇಳದೆ ಕೇಳದೆ ಬದು ದಾಟಿ ಬಂದು ಕಡಿಯಲು ಶುರುಮಾಡಿದ್ದಾಳೆ.

"ನಿನ್ನ ಯಾರು ಕರೆದ್ರು?" ಅಂದೆ.

"ಯಾರೂ ಇಲ್ಲ ಅಕ್ಕಾ."

"ಮತ್ತೆ? ನಗೋಕೆ ಬಂದ್ಯಾ?"

"ನಗೋದಿದ್ರೆ ಮನೇಲೇ ಕೂತು ನಗಬಹುದಿತ್ತು. ಕೈ ಯಾಕೆ ನೋಯಿಸ್ಕೊಳ್ಳಲಿ?"

ನಾನು ಮತ್ತೆ ಬುಡಕ್ಕೆ ಕುಡುಗೋಲು ಹಾಕಿದೆ. ಆ ಕೊನೆಯಿಂದ ಅವಳು, ಈ ಕೊನೆಯಿಂದ ನಾನು ಕಡಿದೆವು. ಅವಳ ಕೈ ನನ್ನದಕ್ಕಿಂತ ಬೇಗ ಓಡುತ್ತದೆ ಕಂದಾ. ಕಲಿಸಿದವಳು ನಾನು, ಮುಂದೆ ಹೋದವಳು ಅವಳು. ಅದಕ್ಕೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅವಳ ಸಾಲಿಗಿಂತ ಹಿಂದೆ ಬೀಳಬಾರದೆಂದು ಹರಿದ ಅಂಗೈಯಲ್ಲೇ ಜೋರಾಗಿ ಬೀಸಿದೆ. ಅವಳು ನೋಡಿ ತನ್ನ ಕೈಯನ್ನು ನಿಧಾನ ಮಾಡಿದಳು. ಬೇಕೆಂದೇ ನಿಧಾನ ಮಾಡಿದಳು. ಅದು ಇನ್ನೂ ಉರಿಯಿತು.

ಟೀ ಕುಡಿಯಲು ಬದುವಿನ ಮೇಲೆ ಕೂತಾಗ ಅವಳು ಹೇಳಿದಳು. "ಮೊಗ್ಗು ಬಂದಾಗಲೇ ಉಳಬೇಕು ಅಕ್ಕಾ. ಆಗ ಕಡ್ಡಿ ಸೊಪ್ಪಿನ ಹಾಗಿರುತ್ತೆ, ಮಣ್ಣಲ್ಲಿ ಕರಗುತ್ತೆ. ಹೂವಾಯ್ತು ಅಂದ್ರೆ ನಾರು ಬಲಿಯುತ್ತೆ. ನೀವು ಇವತ್ತು ಟ್ರ್ಯಾಕ್ಟರ್ ಹೊಡೆಸ್ತೀರಿ, ನಾಳೆ ಹೊಡೆಸ್ತೀರಿ ಅಂತ ದಿನಾ ನೋಡ್ತಾ ಇದ್ದೆ."

"ನೋಡ್ತಾ ಇದ್ಯಾ? ಬಾಯಿಗೇನು ಬೀಗ ಹಾಕಿತ್ತಾ?"

"ನಿಮಗೆ ಹೇಳೋಕೆ ಹೆದರಿಕೆ ಆಗಲ್ವಾ ಅಕ್ಕಾ?" ಎಂದಳು. ತಮಾಷೆಗೆ ಹೇಳಿದಳೆಂದು ನಾನು ನಗಲು ಹೋದೆ. ಅವಳ ಮುಖದಲ್ಲಿ ನಗು ಇರಲಿಲ್ಲ.

ಈಗ ಹೊಲದ ಸುದ್ದಿ. ಗಟ್ಟಿ ಬುಡವನ್ನೆಲ್ಲ ಹೊತ್ತು ಆಚೆ ಮೂಲೆಯಲ್ಲಿ ಒಟ್ಟಿ, ಸಗಣಿ ನೀರು ಹಾಕಿ, ಕೊಳೆಯಲು ಬಿಟ್ಟಿದ್ದೇವೆ. ಮುಂದಿನ ವರ್ಷಕ್ಕೆ ಗೊಬ್ಬರವಾಗುತ್ತದಂತೆ. ಎಳೆಯ ತುದಿ, ಸೊಪ್ಪನ್ನೆಲ್ಲ ಸಾಲಿನ ನಡುವೆ ಹಾಸಿದೆವು. ಕಳೆಯೂ ಬರುವುದಿಲ್ಲ, ತೇವವೂ ನಿಲ್ಲುತ್ತದೆ. ಸಾಲಿಗೆ ಕೈಯಿಂದಲೇ ಜೋಳ ಊರಿ, ಮಧ್ಯೆ ಅಲಸಂದೆ ಹಾಕಿದೆ. ಬಿತ್ತನೆ ತಡವಾಯಿತು, ಈ ಪಟ್ಟಿಯಲ್ಲಿ ಬೆಳೆ ಕಮ್ಮಿಯೇ ಬರಬಹುದು. ನಾನು ಸಿಟ್ಟಿನ ಭರದಲ್ಲಿ, "ಹಾಗಾದ್ರೆ ಪೂರ್ತಿ ಹೊಲಾನೇ ನಿನ್ನ ಥರ ಮಾಡಿಬಿಡ್ತೀನಿ, ಈ ವರ್ಷವೇ" ಅಂದದ್ದಕ್ಕೆ ಅವಳು ತಡೆದಳು. "ಒಂದೇ ಸಲ ಎಲ್ಲಾ ಬಿಡಬೇಡಿ ಅಕ್ಕಾ, ಮನೆ ನಡೀಬೇಕಲ್ಲ. ವರ್ಷಕ್ಕೊಂದು ಪಟ್ಟಿ ಮಾಡಿ. ಒಂದು ಕಡೆ ಬಿದ್ದರೂ ಇನ್ನೊಂದು ಕಡೆ ಕೈಹಿಡಿಯುತ್ತೆ. ನಾನೂ ಹಾಗೇ ಮಾಡಿದ್ದು." ಉಳಿದ ಹೊಲಕ್ಕೆ ಈ ವರ್ಷ ಹಳೆಯ ಹಾಗೆಯೇ ಬಿತ್ತಿದ್ದೇನೆ. ಯೂರಿಯಾ ಮಾತ್ರ ಸ್ವಲ್ಪ ಕಮ್ಮಿ. ಗೊಬ್ಬರದಂಗಡಿಯವನು ಮುಖ ಸಪ್ಪಗೆ ಮಾಡಿಕೊಂಡ.

ಒಂದು ಬುಡ ಕಿತ್ತಾಗ ಬೇರಿನ ಜೊತೆ ಮಣ್ಣು ಬಂತು. ಪುಡಿಪುಡಿಯಾಗಿತ್ತು. ನಾಲ್ಕು ಎರೆಹುಳು. ನಮ್ಮ ಹೊಲದಲ್ಲಿ ಎರೆಹುಳು ನೋಡಿ ಎಷ್ಟು ವರ್ಷವಾಗಿತ್ತೋ ಏನೋ. ಚಿಕ್ಕಮ್ಮನಿಗೆ ತೋರಿಸಲಿಲ್ಲ. ಅವಳು ಆ ಕಡೆ ತಿರುಗಿದಾಗ ಮೂಸಿ ನೋಡಿದೆ. ಅವಳ ಮಣ್ಣಿನಷ್ಟಿಲ್ಲ. ಆದರೆ ಇದೆ.

ಕೆಲಸ ಮುಗಿದ ದಿನ ಅವಳಿಗೆ ನಮ್ಮ ಮನೆಯಲ್ಲೇ ಊಟಕ್ಕಿಟ್ಟೆ. ಮೊದಲ ತುತ್ತಿಗೇ "ಉಪ್ಪು ಒಂಚೂರು ಮುಂದಿದೆ ಅಕ್ಕಾ" ಎಂದಳು. ಹೆದರಿಕೆ ಇಷ್ಟು ಬೇಗ ಹೋಗಿಬಿಟ್ಟಿತೇ ಎಂದು ಸಿಟ್ಟು ಬಂತು, ನಗುವೂ ಬಂತು. ಎರಡನೆಯ ಸಲ ಅವಳೇ ಕೇಳಿ ಬಡಿಸಿಕೊಂಡಳು.

ನೀನು ಬಂದು ನೋಡು ಎಂದು ನಾನು ಹೇಳುವುದಿಲ್ಲ. ನಿನಗೆ ಕೆಲಸವಿರುತ್ತದೆ. ಸದ್ಯಕ್ಕೆ ನೋಡುವಂಥದ್ದು ಏನೂ ಇಲ್ಲ, ಹಾಸಿದ ಸೊಪ್ಪು ಒಣಗಿ ಹೊಲ ಕಸದ ತೊಟ್ಟಿಯ ಹಾಗೆ ಕಾಣುತ್ತದೆ. ಜೋಳ ಈಗಷ್ಟೇ ಮೊಳಕೆ. ಬೋರ್ಡು ಮತ್ತೆ ಪೂರ್ತಿ ಕಾಣುತ್ತಿದೆ.

ಆರೋಗ್ಯ ನೋಡಿಕೋ. ನಿನ್ನ ಕೈ ಹಿಡಿದ ಹೊಲಗಳೆಲ್ಲ ಚೆನ್ನಾಗಿ ಆಗಲಿ. ಒಳ್ಳೆಯದಾಗಲಿ ಮಗಳೇ, ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಮ್ಮ

ತಾ.ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಊಟಕ್ಕೆ ಕೂತಾಗ ಚಿಕ್ಕಮ್ಮನ ಬಾಯಿ ತಪ್ಪಿ ಒಂದು ಮಾತು ಬಂತು. ಮೂರು ವರ್ಷದ ಹಿಂದೆ ನೀನು ಮೊದಲ ಹೊಲ ಹುಡುಕುವಾಗ ನಿನ್ನ ಸಾಹೇಬರು, "ನಿಮ್ಮ ಮನೆಯದೇ ಇದೆಯಲ್ಲಮ್ಮ" ಅಂದರಂತೆ. ನೀನು, "ಅಮ್ಮನ್ನ ಕೇಳೋದೇ ದಂಡ ಸರ್, ಬೇಡ ಅಂತಾರೆ" ಎಂದು ಹೇಳಿ ಸೀದಾ ಅವಳ ಬಾಗಿಲಿಗೆ ಹೋದೆಯಂತೆ. ನಿಜ. ಬೇಡ ಅಂತಿದ್ದೆ. ಕೂಗಾಡುತ್ತಿದ್ದೆ. ಈಗ ಓದಿಕೊಂಡು ಬಂದವಳು ನನಗೆ ಹೊಲ ಕಲಿಸುತ್ತೀಯಾ ಅಂತಿದ್ದೆ. ನೀನು ಊಟ ಬಿಟ್ಟು ಮುಸುಕು ಹಾಕಿ ಮಲಗುತ್ತಿದ್ದೆ. ಬೆಳಿಗ್ಗೆ ನಾನೇ ಬಂದು ಎಬ್ಬಿಸಿ, ಯಾವ ಪಟ್ಟಿ ಬೇಕೋ ತಗೊಂಡು ಸಾಯಿ, ಎದ್ದು ಊಟ ಮಾಡು ಅಂತಿದ್ದೆ. ಹಾಸ್ಟೆಲಿಗೂ ಮೊದಲು ಬೇಡ ಅಂದೆ, ಕಳಿಸಲಿಲ್ಲವಾ? ಈ ಕೆಲಸಕ್ಕೂ ಬೇಡ ಅಂದೆ, ಪೆಟ್ಟಿಗೆ ಕಟ್ಟಿಕೊಟ್ಟವಳು ಯಾರು? ನನ್ನ ಬೇಡ ಎಂಬುದು ಒಂದು ರಾತ್ರಿಯ ಮಾತು ಎಂಬುದು ಈ ಲೋಕದಲ್ಲಿ ನಿನಗೊಬ್ಬಳಿಗೆ ಗೊತ್ತು. ಅವಳ ಬೋರ್ಡಿಗೆ ನಾನು ಹೊಟ್ಟೆಕಿಚ್ಚು ಪಟ್ಟೆ ಎಂದೇ ನಾನೂ ಇಷ್ಟು ದಿನ ನಂಬಿದ್ದೆ ಕಂದಾ. ನೀನು ಅವಳನ್ನು ಕೇಳಿದೆ. ನನ್ನನ್ನು ಕೇಳಲಿಲ್ಲ.